ಕಾಗದದ ಮೇಜುಬಟ್ಟೆಯ ಮೇಲೆ ಪಳಗಿದ ಅಡುಗೆ: ಪ್ಯಾರಿಸ್‌ನ ಬುಯೋಂ, ಲಿಯಾನ್‌ನ ಬುಶೋಂ

ಫ್ರೆಂಚ್ ಅಡುಗೆ ಎಂದರೆ ಅಗಲವಾದ ತಟ್ಟೆಯ ನಡುವೆ ಒಂದು ಚಮಚೆ ಪದಾರ್ಥ, ಕೊನೆಗೆ ಎದೆ ಝಲ್ಲೆನಿಸುವ ಬಿಲ್ಲು ಎಂದುಕೊಂಡವರು ಪ್ಯಾರಿಸ್‌ನಲ್ಲಿ ಮೊದಲ ಊಟಕ್ಕೆ ಹೋಗಬೇಕಾದ ಜಾಗ ಫೊಬೂರ್ ಮೋಂಮಾರ್ತ್ರ್ ಬೀದಿಯ 7ನೇ ನಂಬರು. ಅಂಗಳ ದಾಟಿ ಒಳಗೆ ಹೋದರೆ ಬುಯೋಂ ಶಾರ್ತಿಯೆ ಎಂಬ ಅಗ್ಗದ ಊಟದ ಮನೆ. 1896ರಲ್ಲಿ ಶುರುವಾದದ್ದು. ಎತ್ತರದ ಗಾಜಿನ ಚಾವಣಿ, ದೊಡ್ಡ ಕನ್ನಡಿಗಳು, ಮೇಜುಗಳ ಮೇಲುಗಡೆ ಕೋಟು-ಚೀಲ ಇಡುವ ಹಿತ್ತಾಳೆಯ ಅಟ್ಟಣೆ, ಗೋಡೆಯಲ್ಲಿ ನಂಬರು ಹಾಕಿದ ಪುಟ್ಟ ಮರದ ಡ್ರಾಯರುಗಳು. ಹಿಂದೆ ದಿನವೂ ಬರುತ್ತಿದ್ದವರು ತಮ್ಮ ಬಟ್ಟೆಯ ನ್ಯಾಪ್‌ಕಿನ್ ಇಟ್ಟುಕೊಳ್ಳುತ್ತಿದ್ದದ್ದು ಆ ಡ್ರಾಯರುಗಳಲ್ಲಿ. ಕಪ್ಪು ವೇಸ್ಟ್‌ಕೋಟು, ಬಿಳಿ ಏಪ್ರನ್ನಿನ ವೇಟರು ನೀವು ಹೇಳಿದ್ದನ್ನು ಮೇಜಿನ ಮೇಲೆ ಹಾಸಿದ ಕಾಗದದ ಮೇಲೆಯೇ ಗೀಚುತ್ತಾನೆ. ಊಟ ಮುಗಿದ ಮೇಲೆ ಅಲ್ಲೇ ಕೂಡಿ ಮೊತ್ತ ಬರೆಯುತ್ತಾನೆ. ಈ ಕೋಣೆ 1989ರಿಂದ ಸರ್ಕಾರದ ಸಂರಕ್ಷಿತ ಸ್ಮಾರಕ. ಹಾಗಿದ್ದೂ ಮೊಟ್ಟೆಯ ಸ್ಟಾರ್ಟರಿಗೆ ಮೂರು ಯೂರೋ ಆಸುಪಾಸು, ಮುಖ್ಯ ತಿನಿಸುಗಳಲ್ಲಿ ಹೆಚ್ಚಿನವು ಹತ್ತರಿಂದ ಹದಿನೈದು ಯೂರೋ ಒಳಗೆ. ಸ್ಟಾರ್ಟರು, ಮುಖ್ಯ ತಿನಿಸು, ಸಿಹಿ ಮೂರನ್ನೂ ಉಂಡು ಇಪ್ಪತ್ತೈದು ಯೂರೋ ಒಳಗೆ ಎದ್ದು ಬರಬಹುದು.

ಇಷ್ಟು ಅಗ್ಗ ಹೇಗೆ ಸಾಧ್ಯ ಎನ್ನುವುದನ್ನು ತಿಳಿದುಕೊಂಡರೆ ಏನು ತರಿಸಬೇಕು, ಏನು ಬಿಡಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. 1855ರಲ್ಲಿ ಡ್ಯುವಾಲ್ ಎಂಬ ಮಾಂಸದ ವ್ಯಾಪಾರಿ ಪ್ಯಾರಿಸ್‌ನ ಕೇಂದ್ರ ಮಾರುಕಟ್ಟೆಯ ಕೆಲಸಗಾರರಿಗೆಂದು ಒಂದೇ ಬಗೆಯ ಊಟ ಕೊಡಲು ಶುರುಮಾಡಿದ: ಬೇಯಿಸಿದ ಮಾಂಸ, ಅದು ಬೆಂದ ಸಾರು. ಒಳ್ಳೆಯ ತುಂಡುಗಳು ಅಂಗಡಿಯಲ್ಲಿ ಮಾರಿಹೋಗುತ್ತಿದ್ದವು. ನಾರು, ಎಲುಬು ಹೆಚ್ಚಿರುವ ತುಂಡುಗಳು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದು ಊಟವಾಗುತ್ತಿದ್ದವು. ಬುಯೋಂ ಎಂಬ ಹೆಸರು ಬಂದದ್ದು ಆ ಸಾರಿನಿಂದಲೇ. 1900ರ ಹೊತ್ತಿಗೆ ನಗರದಲ್ಲಿ ಇಂಥವು ಸುಮಾರು 250 ಇದ್ದವು. ಆಮೇಲೆ ಒಂದೊಂದಾಗಿ ಮುಚ್ಚಿದವು, ಇಲ್ಲವೇ ಬೇರೆ ರೂಪ ತಾಳಿದವು. ಪದ್ಧತಿ ಮಾತ್ರ ಇವತ್ತಿಗೂ ಅದೇ: ಅಗ್ಗದ ತುಂಡು, ದೊಡ್ಡ ಪಾತ್ರೆ, ನಿಧಾನದ ಬೇಯುವಿಕೆ, ಮೇಜು ಬೇಗ ಖಾಲಿಯಾಗುವಂಥ ಚುರುಕಿನ ಬಡಿಸಾಟ. ಪಾತ್ರೆಯಲ್ಲಿ ಮೊದಲೇ ಸಿದ್ಧವಾಗಿ ಕಾಯುವ ತಿನಿಸುಗಳಲ್ಲಿ ಈ ಅಡುಗೆಮನೆಗಳನ್ನು ಮೀರಿಸುವುದು ಕಷ್ಟ. ನೀವು ಹೇಳಿದ ಮೇಲೆ ಬಾಣಲೆಗೆ ಬೀಳುವ ತಿನಿಸುಗಳಲ್ಲಿ ಇವು ಸಾಧಾರಣ.

ಈಗಿನ ಹೊಸ ಅಲೆಗೆ ನಾಂದಿ ಹಾಡಿದ್ದು 2017ರ ಕೊನೆಯಲ್ಲಿ ಕ್ಲಿಷಿ ಬುಲ್ವಾರಿನಲ್ಲಿ ತೆರೆದ ಬುಯೋಂ ಪಿಗಾಲ್. 2021ರಲ್ಲಿ ಅದೇ ತಂಡ ಬುಯೋಂ ರಿಪಬ್ಲಿಕ್ ತೆರೆಯಿತು. ಶೆ ಜೆನ್ನಿ ಎಂಬ, ಅಲ್ಸಾಸ್ ಪ್ರಾಂತ್ಯದ ಅಡುಗೆಯ ಹಳೆಯ ಬ್ರಾಸರಿಯ (ದೊಡ್ಡ ಊಟದ ಮನೆಯ) ಕಟ್ಟಡವದು, ಗೋಡೆಗಳಲ್ಲಿ ಬಣ್ಣಬಣ್ಣದ ಮರ ಕೂರಿಸಿ ಮಾಡಿದ ಕಲಾವಿದ ಸ್ಪಿಂಡ್ಲರ್‌ನ ಚಿತ್ರಗಳು ಹಾಗೇ ಉಳಿದಿವೆ. ಫೊಬೂರ್ ಸಾಂ ದೆನಿ ಬೀದಿಯ ಬುಯೋಂ ಜೂಲಿಯೆನ್ ಕಣ್ಣಿಗೆ ಇವೆಲ್ಲಕ್ಕಿಂತ ಚೆಂದ: 1906ರ, ಬಳುಕುವ ಗೆರೆ-ಹೂಬಳ್ಳಿಗಳ ಆರ್ ನೂವೊ ಶೈಲಿಯ ಒಳಾಂಗಣ, ನಾಲ್ಕು ಋತುಗಳನ್ನು ಹೆಂಗಸರ ರೂಪದಲ್ಲಿ ಬಿಡಿಸಿದ ಗೋಡೆಫಲಕಗಳು. ಕೋಣೆ ನೋಡಬೇಕೆನ್ನುವವರು ಶಾರ್ತಿಯೆಗೋ ಜೂಲಿಯೆನ್‌ಗೋ ಹೋಗಲಿ. ಊಟವೇ ಮುಖ್ಯ ಎನ್ನುವವರಿಗೆ ಪಿಗಾಲ್ ಮತ್ತು ರಿಪಬ್ಲಿಕ್ ಮೇಲು: ಸಾಸ್‌ಗಳಲ್ಲಿ ಹುಳಿ-ಉಪ್ಪಿನ ಹದ ಹೆಚ್ಚು ಖಚಿತ, ಮೆನು ಒಂದೇ ಹಾಳೆಯದು.

ಎಲ್ಲೇ ಕುಳಿತರೂ ಮೊದಲು ತರಿಸಬೇಕಾದದ್ದು ಅಫ್ ಮಯೊನೆಜ್. ಗಟ್ಟಿಯಾಗಿ ಬೇಯಿಸಿ ಸೀಳಿದ ಮೊಟ್ಟೆ, ಅದರ ಮೇಲೆ ಮೇಯನೇಸ್, ಅಷ್ಟೇ. ಫ್ರಾನ್ಸಿನಲ್ಲಿ ಇದನ್ನು ಕಾಪಾಡಲೆಂದೇ ಒಂದು ಸಂಘವಿದೆ; ಆಹಾರ ವಿಮರ್ಶಕ ಕ್ಲೋದ್ ಲೆಬೆ ಹುಟ್ಟುಹಾಕಿದ್ದು. ಯಾವುದು ಉತ್ತಮ ಎಂದು ತೀರ್ಮಾನಿಸಲು ಸ್ಪರ್ಧೆಯನ್ನೂ ನಡೆಸುತ್ತಾರೆ. ಇಷ್ಟು ಸರಳವಾದದ್ದಕ್ಕೆ ಇಷ್ಟೊಂದು ಗೌರವವೇಕೆಂದರೆ, ಮುಚ್ಚಿಕೊಳ್ಳಲು ಇದರಲ್ಲಿ ಏನೂ ಇಲ್ಲ. ದೊಡ್ಡ ಮೊಟ್ಟೆಯನ್ನು ಕುದಿಯುವ ನೀರಿಗೆ ಬಿಟ್ಟು ಸುಮಾರು ಒಂಬತ್ತು ನಿಮಿಷ ಬೇಯಿಸಿ, ಕೂಡಲೇ ಐಸ್ ನೀರಿಗೆ ಹಾಕಬೇಕು. ಆಗ ಬಿಳಿಭಾಗ ಮೃದುವಾಗಿದ್ದು, ಹಳದಿಯ ನಟ್ಟನಡುವೆ ಒಂದಿಷ್ಟು ತೇವ ಉಳಿದಿರುತ್ತದೆ. ಹೆಚ್ಚು ಬೆಂದರೆ, ಅಥವಾ ಬಿಸಿನೀರಿನಲ್ಲೇ ಆರಲು ಬಿಟ್ಟರೆ, ಬಿಳಿಭಾಗದ ಗಂಧಕ ಹಳದಿಯ ಕಬ್ಬಿಣದೊಂದಿಗೆ ಸೇರಿ ಹಳದಿಯ ಸುತ್ತ ಬೂದು-ಹಸಿರು ಉಂಗುರ ಕಟ್ಟುತ್ತದೆ, ಬಾಯಿಗಿಟ್ಟರೆ ಹಿಟ್ಟುಹಿಟ್ಟು. ಆ ಉಂಗುರ ಕಂಡ ಕಡೆ ಉಳಿದ ಅಡುಗೆಯ ಮೇಲೂ ಭರವಸೆ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು.

ಮೇಯನೇಸ್‌ಗೆ ಒಂದು ಹಳದಿ, ಒಂದು ಚಮಚೆ ದಿಜೋಂ ಸಾಸಿವೆ ಪೇಸ್ಟು, ಉಪ್ಪು, ಒಂದಿಷ್ಟು ವಿನಿಗರ್, 150ರಿಂದ 200 ಮಿಲಿ ಎಣ್ಣೆ. ಎಣ್ಣೆ ಮೊದಲು ಹನಿಹನಿಯಾಗಿಯೇ ಬೀಳಬೇಕು. ಆತುರಪಟ್ಟು ಸುರಿದರೆ ಹಳದಿಯೊಳಗಿನ ಲೆಸಿಥಿನ್ ಅಷ್ಟು ಎಣ್ಣೆಯನ್ನು ಒಮ್ಮೆಗೇ ಹಿಡಿದಿಡಲಾರದು, ಸಾಸ್ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಚೆನ್ನಾಗಿ ಬಂದ ಮೇಯನೇಸ್ ತೆಳು ಹಳದಿ ಬಣ್ಣದ್ದು, ಮೊಟ್ಟೆಯನ್ನು ಪೂರ್ತಿ ಹೊದ್ದುಕೊಂಡು ನಿಲ್ಲುತ್ತದೆ, ತಟ್ಟೆಯಲ್ಲಿ ಹರಡುವುದಿಲ್ಲ. ಸಾಸಿವೆ ಮೂಗಿಗೆ ಸಣ್ಣಗೆ ಏರುತ್ತದೆ. ಬಾಟಲಿಯದಾದರೆ ಬಿಳುಪು, ಅತಿ ಹೊಳಪು, ನಾಲಗೆಗೆ ಸಿಹಿ. ಎರಡು ನಿಮಿಷದಲ್ಲಿ ಅಡುಗೆಮನೆಯ ಜಾತಕ ತಿಳಿಯುತ್ತದೆ.

ಪ್ವಾರೋ ವಿನೆಗ್ರೆತ್ ಕೂಡ ಇದೇ ಬಗೆಯ ಪರೀಕ್ಷೆ. ಲೀಕ್ ಎಂಬ ಈರುಳ್ಳಿ ಜಾತಿಯ ಕಾಂಡವನ್ನು ಚಾಕು ಬೆಣ್ಣೆಗೆ ಇಳಿದಂತೆ ಇಳಿಯುವಷ್ಟು ಬೇಯಿಸಿ, ನೀರು ಪೂರ್ತಿ ಬಸಿದು, ಇನ್ನೂ ಬೆಚ್ಚಗಿರುವಾಗಲೇ ಸಾಸಿವೆ ಬೆರೆಸಿದ ವಿನೆಗ್ರೆತ್, ಅಂದರೆ ಎಣ್ಣೆ-ವಿನಿಗರ್ ಸಾಸ್, ಹಾಕಬೇಕು. ತಣಿದ ಮೇಲೆ ಹಾಕಿದರೆ ರುಚಿ ಒಳಗಿಳಿಯುವುದಿಲ್ಲ. ಬೇಯುವುದು ಸಾಲದಿದ್ದರೆ ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಸಿಯುವುದು ಸಾಲದಿದ್ದರೆ ತಟ್ಟೆಯ ತಳದಲ್ಲಿ ಹಸಿರು ನೀರು ನಿಲ್ಲುತ್ತದೆ. ಸೆಲೆರಿ ಗೆಡ್ಡೆಯನ್ನು ಎಳೆಎಳೆಯಾಗಿ ಹೆಚ್ಚಿ ಸಾಸಿವೆ-ಮೇಯನೇಸ್‌ನಲ್ಲಿ ಕಲಸಿದ ಸೆಲರಿ ರೆಮುಲಾದ್ ಸುರಕ್ಷಿತ ಆಯ್ಕೆ, ಆದರೆ ಬಹಳ ಕಡೆ ನೆನಪಿನಲ್ಲಿ ಉಳಿಯುವಂಥದ್ದಲ್ಲ.

ಮುಖ್ಯ ತಿನಿಸಿಗೆ ಬಂದಾಗ ಕಣ್ಣುಮುಚ್ಚಿ ತರಿಸಬಹುದಾದದ್ದು ಬಫ್ ಬೂರ್ಗಿನ್ಯೋಂ. ದನದ ಭುಜ ಅಥವಾ ಕೆನ್ನೆಯ ಮಾಂಸವನ್ನು ಕೆಂಪು ವೈನಿನಲ್ಲಿ ಮೂರು ಗಂಟೆಯಷ್ಟು, ಕುದಿ ಏಳದಂತೆ, ಗುಳ್ಳೆ ಆಗೊಂದು ಈಗೊಂದು ಏಳುವಷ್ಟೇ ಉರಿಯಲ್ಲಿ ಬೇಯಿಸುತ್ತಾರೆ. ಈ ತುಂಡುಗಳಲ್ಲಿ ಕೊಲಾಜೆನ್ ಹೆಚ್ಚು; ನಿಧಾನವಾಗಿ ಬೆಂದಾಗ ಅದು ಜೆಲಟಿನ್ ಆಗಿ ಕರಗಿ ಸಾಸ್‌ಗೆ ಮೈಕಟ್ಟು ಕೊಡುತ್ತದೆ. ಎರಡು ತುತ್ತು ತಿಂದ ಮೇಲೆ ತುಟಿ ಒಂದಕ್ಕೊಂದು ಸಣ್ಣಗೆ ಅಂಟಿದರೆ ಕೆಲಸ ಸರಿಯಾಗಿದೆ ಎಂದರ್ಥ. ಸಾಸ್ ಮಿರಮಿರ ಹೊಳೆಯುತ್ತ ಲೋಳೆಯ ಹಾಗೆ ಅಲುಗಿದರೆ ಸ್ಟಾರ್ಚ್ ಹಾಕಿ ಗಟ್ಟಿ ಮಾಡಿದ್ದಾರೆ. ವೈನಿನ ಹುಳಿ ಗಂಟಲಿಗೆ ಚುಚ್ಚಿದರೆ ಅದನ್ನು ಸಾಕಷ್ಟು ಇಂಗಿಸಿಲ್ಲ. ಜೋರು ಕುದಿಗೆ ಬಿದ್ದ ಮಾಂಸ ಸಾಸ್‌ನೊಳಗೇ ಇದ್ದೂ ಒಣಗುತ್ತದೆ. ಎಳೆಗಳು ಬಿಗಿದು ತಮ್ಮ ರಸವನ್ನೆಲ್ಲ ಹೊರಹಾಕಿಬಿಡುತ್ತವೆ. ಈ ತಿನಿಸು ಮಾಡಿದ ಮರುದಿನವೇ ಹೆಚ್ಚು ರುಚಿ. ಹಾಗಾಗಿ ಸಾವಿರ ಜನಕ್ಕೆ ಮೊದಲೇ ಮಾಡಿಡಬೇಕಾದ ಅಡುಗೆಮನೆಗೆ ಇದು ಹೇಳಿ ಮಾಡಿಸಿದ್ದು.

ಬ್ಲಾಂಕೆತ್ ದ ವೋ ಇದಕ್ಕಿಂತ ಸೂಕ್ಷ್ಮ. ಎಳೆಗರುವಿನ ಮಾಂಸವನ್ನು ಬಾಣಲೆಯಲ್ಲಿ ಕೆಂಪಗಾಗಿಸದೆ, ಗಜ್ಜರಿ, ಈರುಳ್ಳಿ, ಲೀಕ್, ಸೊಪ್ಪಿನ ಕಟ್ಟಿನ ಜೊತೆ ಒಂದೂವರೆ-ಎರಡು ಗಂಟೆ ಬೇಯಿಸಿ, ಆ ಸಾರನ್ನೇ ಬೆಣ್ಣೆ-ಹಿಟ್ಟಿನಿಂದ ಗಟ್ಟಿ ಮಾಡಿ, ಕೊನೆಗೆ ಮೊಟ್ಟೆಯ ಹಳದಿ ಮತ್ತು ಕೆನೆ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಕುದಿಸುವಂತಿಲ್ಲ. ಬಿಡುವಿಲ್ಲದ ರಾತ್ರಿಗಳಲ್ಲಿ ಪಾತ್ರೆ ಒಲೆಯ ಮೇಲೆಯೇ ಉಳಿದು ಕುದಿ ಬಂದರೆ ಹಳದಿ ಹೆಪ್ಪುಗಟ್ಟಿ ಸಾಸ್ ತರಿತರಿಯಾಗುತ್ತದೆ. ದಂತದ ಬಣ್ಣ, ನಯವಾದ ಮೈ, ಕೊನೆಯಲ್ಲಿ ನಿಂಬೆಯ ಸಣ್ಣ ಹುಳಿ ಇದ್ದರೆ ಅದಕ್ಕಿಂತ ಸಮಾಧಾನ ಕೊಡುವ ಊಟ ಆ ನಗರದಲ್ಲಿ ಕಡಿಮೆ. ರಾತ್ರಿ ತಡವಾಗಿ ಹೋದವರು ಬ್ಲಾಂಕೆತ್ ಬಿಟ್ಟು ಬೂರ್ಗಿನ್ಯೋಂ ಹಿಡಿಯಲಿ. ಅದು ಹೊತ್ತು ಕಳೆದಷ್ಟೂ ಕೆಡುವುದಿಲ್ಲ.

ಬಾತುಕೋಳಿಯ ಕಾಲಿನ ಕೋಂಫಿ ಎಲ್ಲ ಕಡೆ ಸಿಗುತ್ತದೆ. ಉಪ್ಪು ಸವರಿ ಒಂದು ರಾತ್ರಿ ಇಟ್ಟು, ತೊಳೆದು, ಬಾತುಕೋಳಿಯದೇ ಕೊಬ್ಬಿನಲ್ಲಿ 85ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ ಬೇಯಿಸಿದ್ದು. ಬಡಿಸುವ ಮುನ್ನ ಚರ್ಮದ ಕಡೆಯನ್ನು ಬಿಸಿ ಬಾಣಲೆಗೋ ಓವನ್ನಿಗೋ ಕೊಟ್ಟು ಗರಿಗರಿ ಮಾಡಬೇಕು. ಚರ್ಮ ಮೆತ್ತಗೆ ಜಾರುವಂತಿದ್ದರೆ ಬಿಸಿಮಾಡಿದ್ದು ಮೈಕ್ರೋವೇವ್‌ನಲ್ಲಿ. ಉಪ್ಪು ಕಟುವಾಗಿದ್ದರೆ ತೊಳೆದದ್ದು ಸಾಲದು. ಸ್ಟೇಕ್-ಫ್ರಿತ್, ಅಂದರೆ ಬಾಣಲೆಯಲ್ಲಿ ಹುರಿದ ದನದ ಮಾಂಸದ ತುಂಡು ಮತ್ತು ಕರಿದ ಆಲೂಗಡ್ಡೆ, ಇದರ ಬಗ್ಗೆ ಮಾತ್ರ ಖಂಡಿತವಾದ ಮಾತು: ಮುನ್ನೂರು ಜನ ಕೂರುವ ಹಾಲಿನಲ್ಲಿ, ಈ ಬೆಲೆಗೆ, ಅದನ್ನು ತರಿಸಬೇಡಿ. ತುಂಡು ತೆಳ್ಳಗಿರುತ್ತದೆ, ಹೊರಗೆ ಕಂದುವಷ್ಟರಲ್ಲಿ ಒಳಗೆ ಬೆಂದುಹೋಗಿರುತ್ತದೆ. ಆಲೂಗಡ್ಡೆಯನ್ನು ಒಮ್ಮೆ 150-160 ಡಿಗ್ರಿಯಲ್ಲಿ ಬೇಯಿಸಿ, ಆರಿಸಿ, ಮತ್ತೆ 180ರಲ್ಲಿ ಕರಿಯುವ ಎರಡು ಹಂತದ ಕೆಲಸಕ್ಕೂ ಅಲ್ಲಿ ಪುರುಸೊತ್ತು ಕಡಿಮೆ. ಸ್ಟೇಕ್ ಬೇಕೇಬೇಕು ಎನ್ನುವವರು ಮೂವತ್ತು-ನಲವತ್ತು ಜನ ಕೂರುವ ಸಣ್ಣ ಬಿಸ್ತ್ರೋಗೆ ಹೋಗಿ ಓಂಗ್ಲೆ ಅಥವಾ ಬಾವೆತ್ ಕೇಳಲಿ. ಇವು ಉದ್ದನೆಯ ಎಳೆಯ, ರುಚಿ ಗಾಢವಾದ ತುಂಡುಗಳು. ಸೆನ್ಯಾಂ, ಅಂದರೆ ಒಳಗೆ ಕೆಂಪಗೆ ರಸ ಇರುವ ಹದದಲ್ಲೇ ತಿನ್ನಬೇಕು. ಬಿಯಾಂ ಕ್ವಿ, ಅಂದರೆ ಪೂರ್ತಿ ಬೆಂದದ್ದು ಬೇಕೆಂದರೆ ಜಗಿಯಲಾಗದಷ್ಟು ಗಡುಸಾಗುತ್ತದೆ. ಪೂರ್ತಿ ಬೆಂದ ಮಾಂಸವನ್ನೇ ಇಷ್ಟಪಡುವವರಿಗೆ ಮತ್ತೆ ಬೂರ್ಗಿನ್ಯೋಂ ದಾರಿ.

ಸಿಹಿಯಲ್ಲಿ ಈಲ್ ಫ್ಲೋತಾಂತ್: ಬೆಂದ ಮೊಟ್ಟೆಬಿಳಿಯ ನೊರೆ, ತಣ್ಣನೆಯ ಕ್ರೆಮ್ ಆಂಗ್ಲೆಜ್ ಮೇಲೆ ತೇಲಿಬಿಟ್ಟದ್ದು, ಕ್ಯಾರಮೆಲ್ ಎಳೆದದ್ದು. ಕ್ರೆಮ್ ಆಂಗ್ಲೆಜ್ ಹಾಲು, ಹಳದಿ, ಸಕ್ಕರೆಯದು. 82-84 ಡಿಗ್ರಿಯಲ್ಲಿ ಚಮಚೆಯ ಬೆನ್ನಿಗೆ ಅಂಟುತ್ತದೆ, ಇನ್ನೊಂದಿಷ್ಟು ಬಿಸಿಯಾದರೆ ಒಡೆಯುತ್ತದೆ. ವೆನಿಲಾ ಕಾಯಿಯ ಕಪ್ಪು ಚುಕ್ಕಿಗಳು ಕಂಡರೆ ಒಳ್ಳೆಯ ಲಕ್ಷಣ. ಕಡುಹಳದಿ ಬಣ್ಣ, ಗೋಡೆಗೆ ಬಳಿಯಬಹುದಾದಷ್ಟು ದಪ್ಪ ಇದ್ದರೆ ಪುಡಿ ಕಲಸಿದ್ದು. ಪ್ರೊಫಿತ್ರೋಲ್, ಅಂದರೆ ‘ಶೂ’ ಎಂಬ ಹಗುರ ಹಿಟ್ಟಿನ ಟೊಳ್ಳು ಉಂಡೆಗಳ ಸಿಹಿ, ತರಿಸಿದರೆ ಬಿಸಿ ಚಾಕೊಲೇಟು ಮೇಜಿನ ಬಳಿಯೇ ಸುರಿಯಬೇಕು. ಹಿಂದಿನ ದಿನದ ಶೂ ಉಂಡೆಗಳಾದರೆ ತೊಗಲಿನಂತೆ ಎಳೆದರೂ ಹರಿಯುವುದಿಲ್ಲ.

ಪ್ಯಾರಿಸ್‌ನ ಬುಯೋಂಗಳ ಬಲ ವ್ಯವಸ್ಥೆಯಲ್ಲಿದ್ದರೆ ಲಿಯಾನ್‌ನ ಬುಶೋಂಗಳ ಬಲ ಒಬ್ಬ ಅಡುಗೆಯವರ ಕೈಯಲ್ಲಿ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ತೆಜೆವೆ (ಟಿಜಿವಿ) ಎಂಬ ಅತಿವೇಗದ ರೈಲಿನಲ್ಲಿ ಎರಡು ಗಂಟೆ. ಚಿಕ್ಕ ಕೋಣೆ, ಕೆಂಪು-ಬಿಳಿ ಚೌಕಳಿಯ ಬಟ್ಟೆ, ಮೊಣಕೈಗೆ ಮೊಣಕೈ ತಾಗುವ ಮೇಜುಗಳು, ಹಂದಿ ಮತ್ತು ದನದ ಒಳಾಂಗಗಳೇ ತುಂಬಿದ ಮೆನು. ರೇಷ್ಮೆ ನೇಯುವವರು, ಬಂಡಿ ಹೊಡೆಯುವವರು ಉಣ್ಣುತ್ತಿದ್ದ ಜಾಗಗಳಿವು. ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡಿ ಆಮೇಲೆ ಸ್ವಂತ ಊಟದ ಮನೆ ತೆರೆದ ಹೆಂಗಸರನ್ನು, ‘ಮೆರ್’ ಎಂದು ಕರೆಸಿಕೊಂಡವರನ್ನು, ಬಿಟ್ಟು ಲಿಯಾನ್ ಅಡುಗೆಯ ಮಾತೇ ಇಲ್ಲ. ಅವರಲ್ಲಿ ಯೂಜೆನಿ ಬ್ರಾಜಿಯೆ 1921ರಲ್ಲಿ ರುವಾಯಾಲ್ ಬೀದಿಯಲ್ಲಿ ತೆರೆದ ರೆಸ್ಟೋರೆಂಟು ಮತ್ತು ಬೆಟ್ಟದ ಮೇಲಿನ ಇನ್ನೊಂದು, ಎರಡಕ್ಕೂ 1933ರಲ್ಲಿ ಮಿಶ್ಲೆಂ (ಮಿಷೆಲಿನ್) ಕೈಪಿಡಿ ಮೂರು ಮೂರು ನಕ್ಷತ್ರ ಕೊಟ್ಟಿತು. ಮನೆಯಡುಗೆಯ ನೇರ ರುಚಿಗೆ ಸಂದ ಮರ್ಯಾದೆಯದು.

ಬುಶೋಂ ಎಂದು ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಹಳೆಯ ಊರಿನ ಸಾಂ ಜಾಂ ಬೀದಿಯ ಉದ್ದಕ್ಕೂ ಆ ಹೆಸರಿನವು ಸಾಲುಗಟ್ಟಿವೆ, ಅವುಗಳಲ್ಲಿ ಎಷ್ಟೋ ಪ್ರವಾಸಿಗರಿಗೆಂದೇ ಇರುವವು. 2012ರಿಂದ ‘ಲೆ ಬುಶೋಂ ಲಿಯೋನೆ’ ಎಂಬ ಗುರುತು ಇದೆ. ತಪಾಸಣೆಯಾದ ಮೇಲೆ ಕೊಡುವ ಫಲಕವದು. ಬಾಗಿಲಲ್ಲಿ ಅದನ್ನು ಹುಡುಕಿ. ಒಪೆರಾ ಕಟ್ಟಡದ ಆಸುಪಾಸಿನ ಸಣ್ಣ ಬೀದಿಗಳಲ್ಲಿರುವ ಲ ಗಾರೆ, ಶೆ ಯೂಗೋಂ, ಮತ್ತು ಕ್ರೆಕಿ ಬೀದಿಯ ದಾನಿಯೆಲ್ ಎ ದೆನೀಸ್ ಧೈರ್ಯವಾಗಿ ಹೆಸರಿಸಬಹುದಾದವು. ‘ಮೆನು’, ಅಂದರೆ ನಿಗದಿತ ಬೆಲೆಯ ಪೂರ್ತಿ ಊಟ, ಇಲ್ಲಿ ಇಪ್ಪತ್ತೈದರಿಂದ ಮೂವತ್ತೈದು ಯೂರೋ. ದಾನಿಯೆಲ್ ಎ ದೆನೀಸ್ ಸ್ವಲ್ಪ ದುಬಾರಿ, ಆದರೆ ಅಲ್ಲಿನ ಪಾತೆ ಆಂ ಕ್ರೂತ್‌ನ (ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಕೊಚ್ಚಿದ ಮಾಂಸದ) ಹೊದಿಕೆ ಹಿಟ್ಟು ತಳದಲ್ಲೂ ಗರಿಗರಿ ಇರುತ್ತದೆ. ಮಾಂಸದ ರಸ ಇಳಿದು ತಳ ಮೆತ್ತಗಾಗುವುದು ಆ ತಿನಿಸಿನ ಸಾಮಾನ್ಯ ರೋಗ.

ಲಿಯಾನ್‌ನಲ್ಲಿ ತಿನ್ನಲೇಬೇಕಾದದ್ದು ಕನೆಲ್ ದ ಬ್ರೋಶೆ. ಪೈಕ್ ಎಂಬ ಸಿಹಿನೀರು ಮೀನಿನಲ್ಲಿ ಕೂದಲೆಳೆಯಂಥ ಮುಳ್ಳುಗಳು ವಿಪರೀತ. ಹಾಗಾಗಿ ಮಾಂಸವನ್ನು ನುಣ್ಣಗೆ ಅರೆದು, ಜರಡಿಯಲ್ಲಿ ಹಾಯಿಸಿ, ಹಿಟ್ಟು-ಹಾಲಿನ ಪಾನಾದ್, ಮೊಟ್ಟೆ, ಬೆಣ್ಣೆಯ ಜೊತೆ ಕಲಸಿ ಉರುಳೆ ಮಾಡಿ, ಕುದಿಯದ ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಆಮೇಲೆ ಸಿಹಿನೀರು ಸೀಗಡಿಯ ಬೆಣ್ಣೆಯಿಂದ ಮಾಡಿದ ನಾಂತ್ವಾ ಸಾಸ್‌ನಲ್ಲಿ ಇಟ್ಟು ಓವನ್ನಿಗೆ. ಅಲ್ಲಿ ಅದು ಉಬ್ಬಿ ಎರಡರಷ್ಟಾಗಬಹುದು. ಒಳಗಿನ ತೇವ ಆವಿಯಾಗಿ ಮೊಟ್ಟೆಯ ಜಾಲವನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ. ಆವಿ ತಣಿದ ಕೂಡಲೇ ಕುಸಿಯುತ್ತದೆ. ಆದ್ದರಿಂದ ಮೇಜಿಗೆ ಬಂದ ತಕ್ಷಣ ಚಮಚೆ ಇಳಿಸಬೇಕು, ಫೋಟೋ ತೆಗೆಯುತ್ತ ಕೂರಬಾರದು. ಉಬ್ಬದೆ ರಬ್ಬರಿನಂತೆ ಪುಟಿಯುವುದು ಕಾರ್ಖಾನೆಯದು: ಹಿಟ್ಟು ಹೆಚ್ಚು, ಮೀನು ಕಡಿಮೆ.

ಇನ್ನು ಎಚ್ಚರ ಬೇಕಾದವು. ತಾಬ್ಲಿಯೆ ದ ಸಾಪರ್ ಎಂದರೆ ದನದ ಹೊಟ್ಟೆಯ ಭಾಗವನ್ನು ಬಿಳಿ ವೈನಿನಲ್ಲಿ ನೆನೆಸಿ, ಬ್ರೆಡ್ ಪುಡಿ ಹಚ್ಚಿ ಕರಿದದ್ದು. ಹೊರಗೆ ಗರಿ, ಒಳಗೆ ಜಿಗುಟು, ಚೆನ್ನಾಗಿ ಮಾಡಿದ ಕಡೆ ಬಹಳ ರುಚಿ. ಆಂದುಯೆತ್ ಹಂದಿಯ ಕರುಳಿನ ಸಾಸೇಜು. ಅದರ ಹೆಸರಿನ ಮುಂದೆ ಐದು ‘ಎ’ ಅಕ್ಷರ ಇದ್ದರೆ ರಸಿಕರ ಸಂಘ ಮೆಚ್ಚಿದ್ದು ಎಂದರ್ಥ, ಆದರೆ ವಾಸನೆ ಕಡಿಮೆ ಎಂದಲ್ಲ. ಒಳಾಂಗ ತಿಂದು ಅಭ್ಯಾಸವಿಲ್ಲದವರು ಕೋಳಿ ಈಲಿಯಿಂದ ಮಾಡುವ ಗಾತೋ ದ ಫ್ವಾದಿಂದ ಶುರುಮಾಡಲಿ. ವೈನ್ ಕುಡಿಯುವವರಿಗೆ ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯಲ್ಲಿ, ಅದನ್ನು ‘ಪೋ’ ಎನ್ನುತ್ತಾರೆ, ಬೋಜೊಲೆ ಅಥವಾ ಕೋತ್ ದು ರೋನ್ ಬರುತ್ತದೆ. ಲೇಬಲ್ ಇರುವ ಬಾಟಲಿಗೆ ದುಡ್ಡು ಹಾಕಬೇಕಾಗಿಲ್ಲ.

ಅಡುಗೆ ಅಲ್ಲಿಯೇ ಆದದ್ದೋ ಪೊಟ್ಟಣ ಒಡೆದದ್ದೋ ಎಂದು ಹೊರಗಿನಿಂದಲೇ ಊಹಿಸಬಹುದು. ಕಾನೂನಿನ ಪ್ರಕಾರ ಮೆನು, ಬೆಲೆ ಬಾಗಿಲ ಹೊರಗೆ ಇರಬೇಕು, ನಿಂತು ಓದಿ. ಐವತ್ತು ತಿನಿಸು, ಆರು ಭಾಷೆ, ಫೋಟೋಗಳು ಇದ್ದರೆ ಮುಂದೆ ನಡೆಯಿರಿ. ಸಣ್ಣ ಅಡುಗೆಮನೆಯಲ್ಲಿ ಎರಡು-ಮೂರು ಜನ ದಿನವೂ ತಾಜಾ ಮಾಡಬಲ್ಲದ್ದು ಹದಿನೈದು ಬಗೆಯೊಳಗೆ. ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ‘ಪ್ಲಾ ದು ಜೂರ್’, ಅಂದರೆ ಆ ದಿನದ ತಿನಿಸು, ಇದ್ದರೆ ಅದನ್ನೇ ಕೇಳಿ. ಪಾತ್ರೆಯ ಮೇಲೆ ಮನೆಯ ಮಾಡು ಬಿಡಿಸಿದ ‘ಫೆ ಮೆಜೋಂ’ ಗುರುತು 2014ರಿಂದ ಬಂದಿದೆ: ಹಸಿ ಪದಾರ್ಥದಿಂದ ಅಲ್ಲಿಯೇ ಮಾಡಿದ್ದು ಎಂದು. ಕೆಲವು ತಿನಿಸುಗಳ ಮುಂದೆ ಮಾತ್ರ ಆ ಗುರುತಿದ್ದರೆ ಉಳಿದವು ಏನೆಂಬುದು ಸ್ಪಷ್ಟ.

ಬುಯೋಂಗಳಲ್ಲಿ ಮಧ್ಯಾಹ್ನದ ಹೊತ್ತಿನಿಂದ ಮಧ್ಯರಾತ್ರಿಯ ಹತ್ತಿರದವರೆಗೆ ಬಿಡುವಿಲ್ಲದೆ ಊಟ ಸಿಗುತ್ತದೆ, ಸಾಲೂ ಅಷ್ಟೇ ಉದ್ದ. ಹನ್ನೆರಡಕ್ಕೆ ಹತ್ತು ನಿಮಿಷ ಮೊದಲು, ಅಥವಾ ಮಧ್ಯಾಹ್ನ ಮೂರರಿಂದ ಐದರ ನಡುವೆ ಹೋದರೆ ಹೆಚ್ಚು ಕಾಯಬೇಕಾಗಿಲ್ಲ. ಶಾರ್ತಿಯೆಯಲ್ಲಿ ಇಬ್ಬರೇ ಹೋದರೆ ಅಪರಿಚಿತರ ಮೇಜಿನಲ್ಲಿ ಕೂರಿಸುತ್ತಾರೆ. ಬುಶೋಂಗಳು ಹಾಗಲ್ಲ: ಮಧ್ಯಾಹ್ನ ಹನ್ನೆರಡರಿಂದ ಎರಡು, ರಾತ್ರಿ ಏಳೂವರೆಯ ಮೇಲೆ, ಎರಡೂವರೆಗೆ ಹೋದರೆ ಬಾಗಿಲು ಹಾಕಿರುತ್ತದೆ. ಶನಿವಾರ-ಭಾನುವಾರ ಮುಚ್ಚುವವೂ ಇವೆ, ಮುಂಚೆಯೇ ಮೇಜು ಕಾದಿರಿಸಬೇಕು. ಒಳಗೆ ಹೋಗುತ್ತಲೇ ‘ಬೋಂಜೂರ್’ ಎನ್ನಿ. ಅದನ್ನು ಹೇಳದೆ ನೇರ ಪ್ರಶ್ನೆ ಕೇಳುವುದು ಅಲ್ಲಿ ಒರಟುತನ.

ಸಸ್ಯಾಹಾರಿಗಳಿಗೆ ಈ ಜಾಗಗಳು ಸುಲಭವಲ್ಲ, ಅಸಾಧ್ಯವೂ ಅಲ್ಲ. ಮೊಟ್ಟೆ ತಿನ್ನುವವರಿಗೆ ಅಫ್ ಮಯೊನೆಜ್, ಎಲ್ಲರಿಗೂ ಪ್ವಾರೋ ವಿನೆಗ್ರೆತ್, ಲಿಯಾನ್‌ನಲ್ಲಿ ಸೊಪ್ಪು-ಈರುಳ್ಳಿ ಬೆರೆಸಿದ ತಾಜಾ ಚೀಸಿನ ಸರ್ವೆಲ್ ದ ಕನ್ಯು. ಈರುಳ್ಳಿ ಸೂಪಿನ ತಳ ಸಾಮಾನ್ಯವಾಗಿ ದನದ ಸಾರು. ಬೇಳೆಯ ಸಲಾಡಿನಲ್ಲಿ, ಲಿಯಾನ್ ಸಲಾಡಿನಲ್ಲಿ ಲಾರ್ದೋಂ, ಅಂದರೆ ಹಂದಿಕೊಬ್ಬಿನ ತುಣುಕುಗಳು ಇರುತ್ತವೆ. ಎಷ್ಟೋ ಚೀಸುಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಮೀನು ತಂದಿಡುವುದುಂಟು. ‘ನಿ ವಿಯಾಂದ್, ನಿ ಪ್ವಾಸೋಂ, ನಿ ಲಾರ್ದೋಂ’ (ಮಾಂಸವೂ ಬೇಡ, ಮೀನೂ ಬೇಡ, ಲಾರ್ದೋಂ ಕೂಡ ಬೇಡ) ಎಂದು ಒಂದೊಂದನ್ನೂ ಹೆಸರಿಸಿ.

ನೀರಿಗೆ ದುಡ್ಡು ಕೊಡಬೇಡಿ. ‘ಯುನ್ ಕಾರಾಫ್ ದೋ’ ಎಂದರೆ ನಲ್ಲಿ ನೀರಿನ ಹೂಜಿ ಉಚಿತವಾಗಿ ಬರುತ್ತದೆ, ಬ್ರೆಡ್ಡೂ ಉಚಿತ. ತಟ್ಟೆಯಲ್ಲುಳಿದ ಸಾಸ್ ಅನ್ನು ಆ ಬ್ರೆಡ್ಡಿನಲ್ಲಿ ಒರೆಸಿ ತಿಂದರೆ ಅಡುಗೆಯವರಿಗೆ ಸಂತೋಷವೇ. ಸೇವಾ ಶುಲ್ಕ ಬೆಲೆಯಲ್ಲಿ ಸೇರಿರುತ್ತದೆ. ಮೆಚ್ಚಿದರೆ ಒಂದೆರಡು ಯೂರೋ ಮೇಜಿನ ಮೇಲೆ ಬಿಡಬಹುದು, ಕಡ್ಡಾಯವಲ್ಲ. ಬುಶೋಂನಲ್ಲಿ ಬಿಲ್ಲನ್ನು ಕೇಳುವ ತನಕ ತರುವುದಿಲ್ಲ, ‘ಲಾದಿಸ್ಯೋಂ, ಸಿಲ್ ವು ಪ್ಲೆ’ ಎನ್ನಬೇಕು. ಬುಯೋಂನಲ್ಲಿ ಸಾಲು ಕಾಯುತ್ತಿರುವುದರಿಂದ ಕಾಫಿ ಮುಗಿಯುವ ಮೊದಲೇ ಬಂದರೂ ಬೇಸರ ಬೇಡ.